ನಡುವಿನ ಬಳ್ಳಿ

ಡೈರಿಯಲ್ಲಿ ಬರೆದುಕೊಳ್ಳುವುದಕ್ಕೂ ನಾಚಿಕೆಯಾಗುವ ಸಣ್ಣ ಚಿಂತೆಯೊಂದು ನನಗಿದೆ. ಮೂರು ಜನ ಒಟ್ಟಿಗೆ ನನ್ನ ಕಡೆ ತಿರುಗಿದರೆ ಗಂಟಲು ಕಟ್ಟುತ್ತದೆ. ಇಬ್ಬರಾದರೆ ಹೇಗೋ ನಿಭಾಯಿಸುತ್ತೇನೆ. ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ದೋಹಾದಲ್ಲಿರುವ ಅಪ್ಪ-ಅವ್ವನ ಬಳಿ ಬಂದ ಮೇಲೂ ಇದು ಬಿಟ್ಟಿಲ್ಲ. ಅದಕ್ಕೇ ಆ ಸಂಖ್ಯೆಯ ಜೊತೆ ನನ್ನ ಹೆಸರು ಬೇಡ ಎಂದಿದ್ದೆ.

ಶುಕ್ರವಾರ ಸಂಜೆ, ಅಲ್ ಹಿಲಾಲ್‌ನ ಸಭಾಂಗಣದಲ್ಲಿ, ತುಂಬಿದ ಸಭೆಯ ಎದುರು ಆ ಸಂಖ್ಯೆ ಸತ್ತಿತು.

ಕನ್ನಡ ಬಳಗದ ಕರಕುಶಲ ಪ್ರದರ್ಶನ. ವೇದಿಕೆಯ ಹಿಂದಿನ ಗೋಡೆಯಲ್ಲಿ, ಎತ್ತರದಲ್ಲಿ, ಗಾಜಿನ ಚೌಕಟ್ಟಿನೊಳಗೆ ಉದ್ದನೆಯ ಕಪ್ಪು ಬಟ್ಟೆ. ಅದರ ಮೇಲೆ ಚಿನ್ನದ ಜರಿಯಲ್ಲಿ ಸಾಲಾಗಿ ಬಳ್ಳಿಗಳು. ಒಂದೊಂದು ಬಳ್ಳಿಯೂ ಒಂದೊಂದು ಅಂಕಿ. ಬಳ್ಳಿಯಲ್ಲಿ ಎಷ್ಟು ಎಲೆಗಳೋ ಅಂಕಿ ಅಷ್ಟು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಸಂಖ್ಯೆ — ಮತ್ತು ಅದು ಅವಿಭಾಜ್ಯ. ಒಂದರಿಂದ ಮತ್ತು ತನ್ನಿಂದ ಬಿಟ್ಟು ಬೇರೆ ಯಾವುದರಿಂದಲೂ ಅದು ಸರಿಯಾಗಿ ಭಾಗವಾಗುವುದಿಲ್ಲ.

ಆಗುವುದಿಲ್ಲ ಎಂದು ಆ ಸಂಜೆಯವರೆಗೆ ನಂಬಿದ್ದೆವು.

ಕಸೂತಿ ಮಾಡಿದವರು ಲೊರ್ನಾ ಆಂಟಿ. ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯವರು, ಮಂಗಳೂರಿನ ಕಡೆಯವರು. ಇಲ್ಲಿಯ ಹೆಂಗಸರು ತೊಡುವ ಉದ್ದನೆಯ ಕಪ್ಪು ಮೇಲಂಗಿಗಳಿಗೆ, ಅಬಾಯಗಳಿಗೆ, ವರ್ಷಗಟ್ಟಲೆ ಹೆಸರಿಲ್ಲದೆ ಜರಿ ಹೊಲಿದವರು. ಅವರ ಹೆಸರು ಹೊತ್ತು ಗೋಡೆ ಏರಿದ ಮೊದಲ ಕೆಲಸ ಇದು. ವೆಸ್ಟ್ ಬೇಯಲ್ಲಿ ಹೊಸದಾಗಿ ತೆರೆಯುವ ಒಂದು ಕಂಪನಿ ತನ್ನ ಲಾಬಿಗೆ ಇದನ್ನು ಕೇಳಿತ್ತು. ಬ್ಯಾಂಕುಗಳ ಗುಟ್ಟಿಗೆ ಕಂಪ್ಯೂಟರಿನಲ್ಲಿ ಬೀಗ ಹಾಕುವ ಕಂಪನಿ. ಅಂಥ ಬೀಗಗಳಿಗೆ ದೊಡ್ಡ ಅವಿಭಾಜ್ಯ ಸಂಖ್ಯೆಗಳೇ ಬೇಕು. ಅವರ ಕಡೆಯಿಂದ ಅರುಂಧತಿ ಎಂಬವರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಎದ್ದು ನಿಂತವರು ವಿಜಯಕುಮಾರ ಅಂಕಲ್. ಬಾಗಲಕೋಟೆಯವರು, ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್.

"ಲೊರ್ನಾಬಾಯಿ, ಇದರ ಕೆಳಗ ಅವಿಭಾಜ್ಯ ಸಂಖ್ಯೆ ಅಂತ ಬರದೀರಿ. ಯಾರು ಹೇಳಿದ್ರು ನಿಮಗ?"

"ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದು ವಿಜಯಣ್ಣ." ಆಂಟಿ ನನ್ನ ಕಡೆ ನೋಡಲಿಲ್ಲ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರು.

"ಇಂಟರ್‌ನೆಟ್‌ನಾಗ ದೆವ್ವಾನೂ ಸಿಗತಾವ! ನಾ ಈಗ ಕುಂತಲ್ಲೇ ಎಲಿ ಎಣಿಸಿ ಫೋನಿನ್ಯಾಗ ಹಾಕಿ ನೋಡೀನಿ. ಹನ್ನೊಂದರಿಂದ ಭಾಗ ಹೋಗತೈತಿ. ಶೇಷ — ಸೊನ್ನಿ!"

ಯಾರೋ ನಕ್ಕರು. ಅರುಂಧತಿ ನಗಲಿಲ್ಲ.

"ಬೀಗದ ಕಂಪನಿಯ ಬಾಗಿಲಲ್ಲಿ ಸುಳ್ಳು ಬೀಗ ತೂಗುಹಾಕೋಕೆ ಆಗಲ್ಲ," ಎಂದರು ಮೆಲ್ಲಗೆ. "ನಾಳೆ ಸಂಜೆ ಪ್ರದರ್ಶನ ಮುಗಿಯೋವರೆಗೆ ಕಾಯ್ತೀನಿ. ಸರಿಯಾದ ಉತ್ತರ ಸಿಗದಿದ್ದರೆ — ಕ್ಷಮಿಸಿ."

ಲೊರ್ನಾ ಆಂಟಿ ತಲೆಯೆತ್ತಿ ಗೋಡೆಯನ್ನೇ ನೋಡುತ್ತಿದ್ದರು. "ಹೊಳಪು ಬೇರೆ ಥರ ಕಾಣ್ತದೆ," ಎಂದರು, ಯಾರಿಗೂ ಅಲ್ಲ. "ಗಾಜಿಗೆ ಹಾಗೆ ಇರಬಹುದು."

ನಾನು ಮಾತ್ರ ಬೆವರಿದೆ. ಆ ಸಂಖ್ಯೆ ಇಂಟರ್‌ನೆಟ್‌ನದಲ್ಲ.

*

ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವುದು ಈಗ ಪವಾಡವೇನಲ್ಲ. ಅವು ಲೆಕ್ಕವಿಲ್ಲದಷ್ಟಿವೆ, ಪರೀಕ್ಷಿಸುವುದಕ್ಕೆ ಕಂಪ್ಯೂಟರ್ ಇದೆ. ಆದರೆ ನನಗೆ ಬೇಕಿದ್ದದ್ದು ಚೆಂದ ಕಾಣುವಂಥದ್ದು: ಅಂಚಿನಲ್ಲಿ ಒಂದೇ ಎಲೆ, ಒಳಗೆ ಬಂದಂತೆ ಏರಿಳಿಯುತ್ತ ನಡುವಿನ ಬಳ್ಳಿಗೆ ಏಳು ಎಲೆ, ಆಚೆ ಮತ್ತೆ ಅದೇ ಇಳಿತ. ಚೆಂದದ ಸಂಖ್ಯೆಗಳು ಒಂದರ ಹಿಂದೊಂದು ಒಡೆದುಹೋದವು. ಒಂದು ಮೂರರಿಂದ ಒಡೆಯಿತು, ಒಂದು ಏಳರಿಂದ, ಕೆಲವು ಹೆಸರೂ ಇಲ್ಲದ ದೊಡ್ಡ ಸಂಖ್ಯೆಗಳಿಂದ. ಕೊನೆಗೆ ಒಂದು ಒಡೆಯಲಿಲ್ಲ. ಅದನ್ನು ಮೇಲಿನ ಮನೆಗೆ ಕೊಂಡುಹೋಗಿ ಕೊಟ್ಟೆ.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದೆ. ನಾನೇ ತಪ್ಪಿದೆನೆ?

"ದಾಕ್ಷಾಯಣೀ, ರೊಟ್ಟಿ ಆರತಾವ ಬಾರವ್ವಾ," ಎಂದಳು ಅವ್ವ ಹೊನ್ನವ್ವ ಅಡುಗೆಮನೆಯಿಂದ. "ಯಾರರ ಸತ್ತಾರೇನು, ಹಂಗ್ಯಾಕ ಮಾರಿ ಮಾಡೀದಿ?"

"ಇನ್ನಾ ಗೊತ್ತಿಲ್ಲ ಅವ್ವಾ."

ಎರಡು ಬೇರೆ ಬೇರೆ ವಿಧಾನಗಳಲ್ಲಿ ಪರೀಕ್ಷಿಸಿದೆ. ಸಂಖ್ಯೆ ಸತ್ತಿರಲಿಲ್ಲ. ಅವಿಭಾಜ್ಯವೇ. ಅರವತ್ತೊಂದು ಅಂಕಿಗಳು, ನೆಟ್ಟಗೆ ಕೂತಿದ್ದವು.

ಹಾಗಾದರೆ ವಿಜಯಕುಮಾರ ಅಂಕಲ್ ಎಣಿಸಿದ್ದೇನು?

ಸಭಾಂಗಣದಲ್ಲಿ ನಾನೂ ಒಂದು ಫೋಟೋ ತೆಗೆದಿದ್ದೆ. ದೊಡ್ಡದು ಮಾಡಿ ಬಳ್ಳಿಗಳನ್ನು ಎಣಿಸಿದೆ.

ಅರವತ್ತೆರಡು.

*

ಬೆಳಿಗ್ಗೆ ಮೇಲಿನ ಮನೆಗೆ ಹೋದಾಗ ಪಕೀರಬ್ಬ ಕಾಕಾ ಆಗಲೇ ಬಂದು ಕೂತಿದ್ದರು. ಬಳಗದ ಕಾರ್ಯದರ್ಶಿ, ಸೂಕ್‌ನಲ್ಲಿ, ಅಂದರೆ ಇಲ್ಲಿಯ ಹಳೇ ಪೇಟೆಯಲ್ಲಿ, ಅತ್ತರಿನ ಅಂಗಡಿ ಇಟ್ಟವರು. ಅವರು ಬಂದಲ್ಲೆಲ್ಲ ಊದಿನ ವಾಸನೆ ಮೊದಲು ಬರುತ್ತದೆ. ಲೊರ್ನಾ ಆಂಟಿ, ಕಾಕಾ — ಇಬ್ಬರೇ. ನನ್ನ ಗಂಟಲು ಒಪ್ಪಿತು.

"ಒಂದು ಬಳ್ಳಿ ಹೆಚ್ಚಿಗಿ ಐತ್ರಿ," ಎಂದೆ. "ನಡುವಿಂದು. ಏಳು ಎಲಿದು ಒಂದ ಇರಬೇಕು. ಅಲ್ಲಿ ಎರಡು ಅದಾವ, ಅಕ್ಕಪಕ್ಕ."

"ಎಂತ ಮಾರಾಯ್ತಿ!" ಆಂಟಿ ಕೈಯಲ್ಲಿದ್ದ ಕರಕ್ ಚಹಾದ ಲೋಟ ಕೆಳಗಿಟ್ಟರು. "ನಾನು ಶುರು ಮಾಡುದೇ ನಡುವಿನಿಂದ. ಮೊದಲು ನಡುವಿನ ಬಳ್ಳಿ, ಮತ್ತೆ ಎಡಕ್ಕೊಂದು, ಬಲಕ್ಕೊಂದು. ನಡುವನ್ನು ಎರಡು ಸಲ ಹೇಗೆ ಹಾಕ್ಲಿ? ನನಗೆ ಮರುಳಾ?"

"ಫೋಟೋ ಉಂಟಾ ಮೊದಲಿನದ್ದು?" ಕಾಕಾ ಕೇಳಿದರು.

"ಫೋಟೋ ತೆಗೆಯುದಿಲ್ಲ ಕಾಕಾ. ತೆಗೆದರೆ ಯಾರದ್ದಾದ್ರೂ ಫೋನಿಗೆ ಹೋಗ್ತದೆ, ಮತ್ತೆ ಸೂಕ್ ತುಂಬ ನಕಲು. ಈ ಕೆಲಸದಲ್ಲಿ ಇರುವವರು ಯಾರೂ ತೆಗೆಯುದಿಲ್ಲ."

"ಮಾಫಿ ಫೋಟೋ. ಫೋಟೋ ಇಲ್ಲ, ಸರಿ. ನಿಮ್ಮ ಕೈಯಿಂದ ಗೋಡೆಗೆ ಹೋಗುವವರೆಗೆ ಯಾರ ಯಾರ ಕೈ ದಾಟಿತು?"

"ಝಾಹಿದಾ. ಅವಳ ಅಬಾಯದ ಅಂಗಡಿಯಲ್ಲಿ ಒಳಬಟ್ಟೆ ಹಾಕಿಸಿ, ಇಸ್ತ್ರಿ ಮಾಡಿಸಿದ್ದು. ಅಲ್ಲಿಂದ ಸರ್ಫರಾಝ್ ತೆಗೊಂಡು ಹೋಗಿ ಫ್ರೇಮ್ ಹಾಕಿದ. ಅವನೇ ಗೋಡೆಗೆ ಏರಿಸಿದ್ದು."

"ಮತ್ತೆ ವಿಜಯಕುಮಾರ," ಎಂದರು ಕಾಕಾ. "ಗೋಡೆಯ ಆ ಜಾಗದಲ್ಲಿ ಅವನ ಪ್ಲಾಂಟಿನ ಮಾಡೆಲ್ ಇಡಬೇಕಿತ್ತು. ನಾವು ಮೂಲೆಗೆ ತಳ್ಳಿದೆವು. ಕೋಪ ಉಂಟು ಅವನಿಗೆ."

ಕೋಪ ಇತ್ತು. ಆದರೆ ಅಂಕಲ್ ಬಟ್ಟೆಯನ್ನು ಮೊದಲು ಕಂಡದ್ದೇ ಗಾಜಿನ ಹಿಂದೆ. ಮೇಲಾಗಿ, ಗೋಡೆಯಲ್ಲಿರುವುದು ಯಾರೋ ಬದಲಿಸಿಟ್ಟ ನಕಲಾದರೆ, ಅದನ್ನು ಮಾಡಿಸಿದವರು ತಾವೇ ಎದ್ದುನಿಂತು ಎಣಿಸುತ್ತಾರೆಯೆ?

ಕಾಕಾ ಕಾರಿನ ಕೀ ತೆಗೆದುಕೊಂಡರು. "ಯಲ್ಲಾ, ನೀನೂ ಬಾ ಮಗಳೇ. ನನಗೆ ಲೆಕ್ಕ ಬರುದು ಅತ್ತರಿನದ್ದು ಮಾತ್ರ."

*

ಸರ್ಫರಾಝ್‌ನ ಫ್ರೇಮಿನ ಅಂಗಡಿ ನಮ್ಮ ಬೀದಿಯ ತುದಿಯಲ್ಲೇ. ಅವನು ಮಾತಿಗೆ ಮೊದಲೇ ಸಿಡುಕಿದ.

"ನನ್ನ ಮೇಲೆ ಹಾಕ್ಬೇಡಿ ಕಾಕಾ. ಆ ಫ್ರೇಮಿನಿಂದ ನನಗೇ ತಲೆನೋವು ಆಗಿದೆ."

"ಎಂತ ತಲೆನೋವು?"

"ಲೊರ್ನಾ ಆಂಟಿಯ ಮನೆಗೇ ಹೋಗಿ ಬಟ್ಟೆಯ ಅಳತೆ ತೆಗೊಂಡು ಬಂದವ ನಾನು. ಫ್ರೇಮ್ ಕತ್ತರಿಸಿ ಇಟ್ಟಿದ್ದೆ. ಝಾಹಿದಕ್ಕನ ಅಂಗಡಿಯಿಂದ ಬಟ್ಟೆ ಬಂದಾಗ ನೋಡಿದ್ರೆ — ಫ್ರೇಮಿಗಿಂತ ಉದ್ದ! ಬದಿಯ ಖಾಲಿ ಬಟ್ಟೆ ಮಡಚಿ ಹೇಗೋ ಕೂರಿಸಿದೆ."

"ಅವಳನ್ನು ಕೇಳಿಲ್ವಾ?"

"ಕೇಳಿದೆ. ಇಸ್ತ್ರಿಯ ಹಬೆಗೆ ಎಳೆದುಕೊಂಡಿದೆ ಅಂದ್ರು."

ಅಂಗಡಿಯಲ್ಲಿ ಗಿರಾಕಿಯೂ ಒಬ್ಬನಿದ್ದ. ನಾನು ಕಾಕಾನ ಕಿವಿಯ ಹತ್ತಿರ ಹೋಗಿ ಹೇಳಿದೆ. ಕಾಕಾ ಗಟ್ಟಿಯಾಗಿ ಕೇಳಿದರು: "ಎಷ್ಟು ಉದ್ದ? ಒಂದು ಬಳ್ಳಿಯಷ್ಟಾ?"

ಸರ್ಫರಾಝ್ ಬೆರಳುಗಳ ನಡುವೆ ಜಾಗ ಬಿಟ್ಟು ತೋರಿಸಿದ. ಒಂದು ಬಳ್ಳಿಯಷ್ಟು.

ಹಬೆಗೆ ಬಟ್ಟೆ ಜಗ್ಗಬಹುದು. ಆದರೆ ಯಾವ ಹಬೆಯೂ ಏಳು ಎಲೆಯ ಬಳ್ಳಿ ಬೆಳೆಸುವುದಿಲ್ಲ.

*

ಝಾಹಿದಾ ಅಕ್ಕನ ಅಂಗಡಿಯ ಮುಂದೆ ಉದ್ದುದ್ದ ಪೆಟ್ಟಿಗೆಗಳನ್ನು ವ್ಯಾನಿಗೆ ತುಂಬುತ್ತಿದ್ದರು. ಅಕ್ಕ ಬಾಗಿಲಲ್ಲೇ ಸಿಕ್ಕಳು. ನಗುಮುಖದವಳು, ಮಾತಿನಲ್ಲಿ ಯಾರಿಗೂ ಬಗ್ಗದವಳು.

"ಎಂತ ಕಾಕಾ, ಅತ್ತರ್ ಬಿಟ್ಟು ಪೊಲೀಸ್ ಆದ್ರಾ? ಈ ಹುಡುಗಿ ಯಾರು, ನಿಮ್ಮ ಸಿ.ಐ.ಡಿ.ಯಾ? ಬಾಯಿಯೇ ಇಲ್ಲ ಇವಳಿಗೆ!"

"ಬಾಯಿ ನನ್ನದು, ತಲೆ ಇವಳದ್ದು," ಎಂದರು ಕಾಕಾ. "ಪೆಟ್ಟಿಗೆ ಎಲ್ಲಿಗೆ?"

"ವೆಸ್ಟ್ ಬೇಗೆ. ಹೋಟೆಲಿನಲ್ಲಿ ಮದುಮಗಳ ಅಬಾಯಗಳ ಶೋ ಉಂಟು, ನಿನ್ನೆ ಶುರು. ಇವತ್ತು ಖಲಾಸ್. ಮೊದಲ ಸಲ ಕರೆದಿದ್ದಾರೆ. ಕೈಕೆಲಸ ಇದ್ದವರಿಗೆ ಮಾತ್ರ ಜಾಗ ಕೊಡುದು ಅಲ್ಲಿ."

"ನಿನ್ನಲ್ಲಿ ಎಲ್ಲ ಮಷೀನಿನದ್ದಲ್ವಾ?"

ಅಕ್ಕನ ನಗು ಅರೆಗಳಿಗೆ ನಿಂತು ಮತ್ತೆ ಶುರುವಾಯಿತು. "ಕೈಕೆಲಸವೂ ಮಾಡಿಸ್ತೇನೆ."

ಒಳಗೆ ದೊಡ್ಡ ಕಸೂತಿ ಯಂತ್ರ ಓಡುತ್ತಿತ್ತು. ಕಪ್ಪು ಬಟ್ಟೆಯ ಮೇಲೆ ಸೂಜಿಗಳ ಸಾಲು ಬಿದ್ದೇಳುತ್ತ ಹೂವಿನ ಅಂಚೊಂದನ್ನು ಬಿಡಿಸುತ್ತಿತ್ತು. ಪಕ್ಕದ ಪರದೆಯ ಮೇಲೆ ಅದೇ ಹೂವಿನ ಚಿತ್ರ. ಅರ್ಧ ಮಾತ್ರ.

ಮತ್ತೆ ಕಾಕಾನ ಕಿವಿಗೆ ಬಾಗಿದೆ.

"ಇದು ಅರ್ಧವೇ ಉಂಟಲ್ಲ? ಉಳಿದರ್ಧ?" ಎಂದು ಕೇಳಿದರು ಕಾಕಾ.

"ಅಯ್ಯೋ, ಉಳಿದರ್ಧ ಮಾಡ್ತಾ ಕೂರ್ಲಿಕ್ಕೆ ಯಾರಿಗೆ ಪುರುಸೊತ್ತು? ಅಬಾಯ ಎದುರಿನಿಂದ ಬಿಚ್ಚಿರ್ತದೆ ಅಲ್ವಾ, ಎಡದ್ದೊಂದು, ಬಲದ್ದೊಂದು. ಎಡದ್ದು ಮಾಡುದು, ಮಿರರ್ ಒತ್ತುದು. ಬಲದ್ದು ತಾನೇ ಬರ್ತದೆ. ನನ್ನ ಹುಡುಗರಿಗೆ ನಿದ್ದೆಯಲ್ಲೂ ಅದೇ ಅಭ್ಯಾಸ."

"ನಡುವಿನದ್ದು?"

"ಅಬಾಯಕ್ಕೆ ಎಂತ ನಡು? ನಡುವಿನಲ್ಲಿ ಇರುದು ಗಾಳಿ!" ಎಂದು ನಕ್ಕಳು.

ನಾನು ಕಾಕಾನ ತೋಳು ಹಿಡಿದು ಹೊರಗೆಳೆದುಕೊಂಡು ಬಂದೆ.

*

ಕಾರಿನಲ್ಲಿ ಕಾಕಾ ಎ.ಸಿ. ಹಾಕಿ, ಎಂಜಿನ್ ಓಡಿಸುತ್ತಲೇ ಕೂತರು.

"ಈಗ ಹೇಳು. ನಿಧಾನ. ನಾನು ಏಳನೇ ಕ್ಲಾಸು."

"ಏಳುನೂರ ಇಪ್ಪತ್ತೇಳು. ಏಳು, ಎರಡು, ಏಳು. ಹಿಂದ ಮುಂದ ಒಂದ. ಇದು ಅವಿಭಾಜ್ಯ."

"ಸರಿ."

"ನಡುವಿನ ಎರಡನ್ನ ಇನ್ನೊಮ್ಮೆ ಬರೀರಿ. ಏಳು ಸಾವಿರದ ಎರಡುನೂರ ಇಪ್ಪತ್ತೇಳು. ಈಗ ಅದು ಹನ್ನೊಂದರಿಂದ ಭಾಗ ಹೋಗತೈತಿ. ಆರುನೂರ ಐವತ್ತೇಳು ಸಲ."

ಕಾಕಾ ಫೋನಿನಲ್ಲಿ ಗುಣಿಸಿ ನೋಡಿದರು. ಹುಬ್ಬೇರಿತು.

"ಯಾವ ಸಂಖ್ಯೆಗೂ ಹೀಗೆಯಾ?"

"ಎರಡೂ ಕಡಿಯಿಂದ ಒಂದ ಥರ ಓದೂವಂಥ ಸಂಖ್ಯಾದಾಗ ಅಂಕಿಗಳು ಜೋಡಿ ಜೋಡಿ ಆಗಿ ನಡು ಖಾಲಿ ಉಳದ್ರ, ಯಾವಾಗಲೂ ಹನ್ನೊಂದರಿಂದ ಒಡಿತೈತಿ. ಬಳ್ಳಿಗಳನ್ನ ಒಂದು ಬಿಟ್ಟು ಒಂದು ಎರಡು ಗುಂಪು ಮಾಡ್ರಿ. ಎಡಕ್ಕ ಮೊದಲನೇ ಗುಂಪಿನ್ಯಾಗ ಇದ್ದ ಬಳ್ಳಿ, ಕನ್ನಡಿಯೊಳಗ ಎರಡನೇ ಗುಂಪಿಗೆ ಬೀಳತೈತಿ. ಎರಡೂ ಗುಂಪಿನ ಎಲಿ ಸಮ ಆಗತಾವ. ಸಮ ಆದ್ರ ಹನ್ನೊಂದು ಬಿಡೂದಿಲ್ಲ. ಹಂಗ ಜೋಡಿ ಆಗಿಯೂ ಅವಿಭಾಜ್ಯ ಆಗಿ ಉಳಿಯೂದು ಹನ್ನೊಂದು ಒಂದ."

ಇಷ್ಟು ಮಾತನ್ನು ನಾನು ಒಟ್ಟಿಗೆ ಆಡಿದ್ದು ವೈವಾದ ನಂತರ ಇದೇ ಮೊದಲು.

ಕಾಕಾ ಸ್ಟೀರಿಂಗಿನ ನಡುವಿಗೆ ಬೆರಳಿಟ್ಟರು. "ಅಂದರೆ ನಕಲು ಮಾಡಿದವ ನಡುವಿನ ಬಳ್ಳಿ ಸೇರಿಸಿ ಅರ್ಧ ತೆಗೊಂಡ. ಮಿರರ್ ಒತ್ತಿದ. ಎರಡೂ ಅರ್ಧಕ್ಕೆ ಒಂದೊಂದು ನಡು ಬಂತು."

"ಹೌದ್ರಿ."

"ಸಂಜೆ ಎಲ್ಲರ ಎದುರು ಹೇಳ್ತೀಯಾ?"

"ನನ್ನಿಂದ ಆಗೂದಿಲ್ಲ ಕಾಕಾ. ನೀವ ಹೇಳ್ರಿ. ನಾ ಹಿಂದ ನಿಂತಿರತೀನಿ."

*

ಸಂಜೆ ಸಭಾಂಗಣದಲ್ಲಿ ಚೌಕಟ್ಟನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಇಟ್ಟಿದ್ದರು. ಸುತ್ತ ಲೊರ್ನಾ ಆಂಟಿ, ಸರ್ಫರಾಝ್, ವಿಜಯಕುಮಾರ ಅಂಕಲ್, ಅರುಂಧತಿ. ಕಾಕಾ ಹೇಳಿಕಳಿಸಿದ್ದರಿಂದ ಝಾಹಿದಾ ಅಕ್ಕನೂ ಹೋಟೆಲಿನಿಂದ ಬಂದಿದ್ದಳು. ಹಿಂದೆ ಬಳಗದ ಮಂದಿ.

ಕಾಕಾ ಶುರುಮಾಡಿದರು. ಅತ್ತರ್ ಮಾರುವ ಧ್ವನಿಯಲ್ಲೇ ಗಣಿತ ಹೇಳಿದರು. "ಏಳುನೂರ ಎಪ್ಪತ್ತೆರಡು —" ನಾನು ಅವರ ಅಂಗಿಯ ತೋಳು ಎಳೆದೆ. "— ಅಲ್ಲ, ಇಪ್ಪತ್ತೇಳು. ಕ್ಷಮಿಸಿ, ಹಿಂದಿನಿಂದ ಕರೆಕ್ಷನ್ ಬಂತು."

ಜನ ನಕ್ಕರು. ಆದರೆ ವಿಜಯಕುಮಾರ ಅಂಕಲ್ ನಗಲಿಲ್ಲ; ಹಣೆ ಹೊಡೆದುಕೊಂಡರು. "ಅಲಲಾ! ಜೋಡಿ ಅಂಕಿ ಇದ್ದಾಗ ಎಣಿಸೂದ ಬ್ಯಾಡಾಗಿತ್ತಲ್ಲೋ! ಈ ನಿಯಮ ನನಗ ಗೊತ್ತೈತಿ. ಫೋನ್ ಹನ್ನೊಂದು ಅಂತು, ನಾ ಅಷ್ಟಕ್ಕ ಖುಷಿಪಟ್ಟೆ. ಯಾಕ ಹನ್ನೊಂದ ಬಂತು ಅಂತ ಕೇಳಲೇ ಇಲ್ಲ."

"ನಾವು ಯಾರೂ ಕೇಳಲಿಲ್ಲ," ಎಂದರು ಕಾಕಾ. "ಸರ್ಫರಾಝ್, ಬಿಚ್ಚು."

ಗಾಜು ಸರಿಯಿತು. ಸರ್ಫರಾಝ್ ಬಟ್ಟೆ ತೆಗೆದು, ಒಳಬಟ್ಟೆಯ ಒಂದು ಬದಿ ಬಿಡಿಸಿ, ಮಗುಚಿ ಹಾಕಿದ. ಹಿಂಬದಿಯ ತುಂಬ ಬಿಳಿ ನೂಲು — ಸಾಲುಸಾಲಾಗಿ, ಒಂದೇ ಅಳತೆಯಲ್ಲಿ.

ಲೊರ್ನಾ ಆಂಟಿ ಬೆರಳು ತಾಗಿಸಿ ಸುಟ್ಟುಕೊಂಡವರ ಹಾಗೆ ಹಿಂತೆಗೆದರು. "ಇದು ನನ್ನ ಕೈ ಅಲ್ಲ. ಇದು ಮಷೀನು. ಏಸುವೇ, ನನ್ನದು ಎಲ್ಲಿ?"

"ಝಾಹಿದಾ," ಎಂದರು ಕಾಕಾ. "ಎಡದ್ದು ಮಾಡಿ ಮಿರರ್ ಒತ್ತುವ ಅಭ್ಯಾಸ ನಿನ್ನ ಅಂಗಡಿಯದ್ದು. ಬಟ್ಟೆ ಉದ್ದ ಆದದ್ದು ನಿನ್ನ ಅಂಗಡಿಯಲ್ಲಿ. ಕೈಕೆಲಸ ಬೇಕಾಗಿದ್ದದ್ದು ನಿನಗೆ. ಮೂಲದ್ದು ಈಗ ವೆಸ್ಟ್ ಬೇಯ ಆ ಹೋಟೆಲಿನಲ್ಲಿ ಉಂಟು. ಅಲ್ವಾ?"

ಝಾಹಿದಾ ಅಕ್ಕ ಬಿಳಿಚಿದಳು. ಬಗ್ಗಲಿಲ್ಲ.

"ಮಷೀನು ಇರುದು ನನ್ನದೊಂದೇ ಅಂಗಡಿಯಲ್ಲಾ? ಲೊರ್ನಾ ಆಂಟಿಯೇ ಎಲ್ಲಿಯೋ ಮಾಡಿಸಿ ಕೈಕೆಲಸ ಅಂತ ನಿಮ್ಮ ತಲೆಗೆ ಕಟ್ಟಿರಬಹುದು. ನನ್ನಲ್ಲಿಗೆ ಬಂದದ್ದೇ ಇದು. ಸರ್ಫರಾಝ್ ಅಳತೆ ತಪ್ಪಿದ. ಮೊದಲಿನದ್ದರಲ್ಲಿ ನಡು ಒಂದೇ ಇತ್ತು ಅಂತ ನಿಮಗೆ ಹೇಗೆ ಗೊತ್ತು ಕಾಕಾ? ನೋಡಿದ್ರಾ?"

ಕಾಕಾ ಲೊರ್ನಾ ಆಂಟಿಯ ಕಡೆ ನೋಡಿದರು.

"ಹೇಳೂದು ಖರೆ ಐತಿ," ಎಂದರು ವಿಜಯಕುಮಾರ ಅಂಕಲ್, ನಿಧಾನವಾಗಿ. "ಅರವತ್ತೊಂದು ಬಳ್ಳಿದು ಬ್ಯಾರೆ ಇತ್ತು ಅನ್ನೋದಕ್ಕ ಸಾಕ್ಷಿ ಬೇಕು. ಲೊರ್ನಾಬಾಯಿ, ಇಂಟರ್‌ನೆಟ್‌ನಾಗ ಎಲ್ಲಿ ಸಿಕ್ಕಿತ್ತು? ತೋರಸ್ರಿ."

ಎಲ್ಲರೂ ಲೊರ್ನಾ ಆಂಟಿಯ ಕಡೆ ತಿರುಗಿದರು. ಅರುಂಧತಿ ಕಾಯುತ್ತಿದ್ದರು, ಅವರ ಕೈ ಆಗಲೇ ಬ್ಯಾಗಿನ ಮೇಲಿತ್ತು. ಆಂಟಿ ಸೆರಗಿನ ತುದಿ ಹಿಂಡುತ್ತ ನಿಂತರು. ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಮುಂದೆ ನಡೆದದ್ದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಡೈರಿಯ ಈ ಪುಟ ಅಲ್ಲಿಗೆ ಮುಗಿಯುವುದು ನನಗೆ ಬೇಡ. ಆಂಟಿಗೆ ಕೊಟ್ಟ ದಿನದ ತಾರೀಖು ಹೊತ್ತು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಸಂಖ್ಯೆಯನ್ನು ವಿಜಯಕುಮಾರ ಅಂಕಲ್ ಬಟ್ಟೆಯ ಮೇಲೆ ಬೆರಳಿಟ್ಟು ಅಂಕಿ ಅಂಕಿ ಹೋಲಿಸಿದರು. ನಡುವಿನವರೆಗೆ ಎಲ್ಲ ಸರಿ, ಅಲ್ಲೊಂದು ಹೆಚ್ಚು, ಆಮೇಲೆ ಮತ್ತೆ ಎಲ್ಲ ಸರಿ. ಝಾಹಿದಾ ಅಕ್ಕ ಕುರ್ಚಿಯಲ್ಲಿ ಕುಸಿದು, "ಎರಡು ದಿನಕ್ಕೆ ಮಾತ್ರ ಅಂತ ತೆಗೆದದ್ದು. ಶೋ ಮುಗಿದ ಮೇಲೆ ಬದಲಿಸಿ ಇಡ್ತಿದ್ದೆ. ಅಷ್ಟು ಎತ್ತರದಲ್ಲಿ ಬಳ್ಳಿ ಎಣಿಸುವವರು ಉಂಟೂಂತ ಯಾರಿಗೆ ಗೊತ್ತು?" ಎಂದಳು. ಸರ್ಫರಾಝ್ ಹೋಟೆಲಿಗೆ ಹೋಗಿ, ಗೊಂಬೆಗೆ ತೊಡಿಸಿದ್ದ ಅಬಾಯದ ಮೇಲಿಂದ ಮೂಲ ಬಟ್ಟೆಯನ್ನು ಬಿಡಿಸಿ ತಂದ. ಅದರ ತುದಿಗೆ ಅಕ್ಕನ ಅಂಗಡಿಯ ಹೆಸರಿನ ಚೀಟಿ ಹೊಲಿದಿತ್ತು. ಲೊರ್ನಾ ಆಂಟಿ ಅದನ್ನು ಹಲ್ಲಿನಿಂದಲೇ ಕಿತ್ತರು. ಅರುಂಧತಿ ಬ್ಯಾಗಿನಿಂದ ಕೈ ತೆಗೆದು ತಾವೇ ಬಳ್ಳಿ ಎಣಿಸಿದರು.

ಅದೆಲ್ಲ ಆಮೇಲೆ. ಅದಕ್ಕೂ ಮೊದಲು ಎಲ್ಲರೂ ಲೊರ್ನಾ ಆಂಟಿಯನ್ನು ನೋಡುತ್ತಿದ್ದ ಆ ಗಳಿಗೆ ಇತ್ತು. ಕಾಕಾ ಅಭ್ಯಾಸದಂತೆ ತಮ್ಮ ಕಿವಿಯನ್ನು ನನ್ನ ಕಡೆ ಬಾಗಿಸಿದರು. ನಾನು ಪಿಸುಗುಟ್ಟುತ್ತೇನೆಂದು ಕಾದರು. ಇದನ್ನು ಅವರ ಬಾಯಿಂದ ಹೇಳಿಸಲು ಆಗುತ್ತಿರಲಿಲ್ಲ.

ನಾನು ಕಾಕಾನ ಬೆನ್ನ ಹಿಂದಿನಿಂದ ಈಚೆ ಬಂದೆ. ಮೂವರಲ್ಲ, ಇಡೀ ಸಭಾಂಗಣ ನನ್ನ ಕಡೆ ತಿರುಗಿತು. ಗಂಟಲು ಕಟ್ಟಿತು. ಕಟ್ಟಿದ ಗಂಟಲಿನಲ್ಲೇ ಹೇಳಿದೆ:

"ಆ ಸಂಖ್ಯೆ ನಂದ್ರೀ."